ಕೆಂಪಣ್ಣ ಇಟ್ಟುಹೋದ ಹೆಪ್ಪು

ಅವತ್ತು ಭಾನುವಾರ. ಎರಡು ಸಾವಿರದ ಐದನೇ ಇಸವಿ, ಜೂನ್ ತಿಂಗಳು. ಹಾಸನದ ಹತ್ತಿರದ ಮೊಸಳೆ ಎನ್ನುವ ಊರಿನಲ್ಲಿ, ಮನೆಯ ಹಿಂದಿನ ಜಗಲಿಯಲ್ಲಿ ಕೆಂಪಣ್ಣ ಹಲಸಿನ ಹಣ್ಣು ಕೊಯ್ಯುತ್ತ ಕೂತಿದ್ದ. ಹೆಂಡತಿ ಲಕ್ಕಮ್ಮ ತೊಳೆ ಬಿಡಿಸುತ್ತಿದ್ದಳು. ಮಗಳು ಅನುಶ್ರೀ ಬಿಡಿಸಿದ್ದನ್ನು ಬಿಡಿಸಿದ ಹಾಗೇ ತಿನ್ನುತ್ತಿದ್ದಳು.

"ತಟ್ಟೆಗೂ ನಾಕು ಬೀಳ್ಲಿ ಕಣವ್ವ," ಎಂದ ಕೆಂಪಣ್ಣ. "ಬೀಜನಾದ್ರೂ ಬುಡ್ತೀಯೋ ಇಲ್ವೋ?"

ಕೊಯ್ದು ಮುಗಿದ ಮೇಲೆ ಅವನು ಗೂಡಿನಿಂದ ಒಂದು ಸಣ್ಣ ಶೀಶೆ ತೆಗೆದು, ಬಟ್ಟೆ ಚೂರಿಗೆ ನಾಲ್ಕು ಹನಿ ಹಾಕಿ ಕತ್ತಿಯ ಮೇಣ ಒರೆಸಿದ. ಆಮೇಲೆ ಕೈಯ ಮೇಣ. ಊರಿನವರೆಲ್ಲ ಹಲಸಿನ ಮೇಣಕ್ಕೆ ಸೀಮೆಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ತಿಕ್ಕುತ್ತಿದ್ದರೆ, ಈ ಮನೆಯಲ್ಲಿ ಮಾತ್ರ ಕೆಂಪಣ್ಣ ಕೆಲಸಕ್ಕಿದ್ದ ಕಾಲೇಜಿನ ಲ್ಯಾಬಿನ ಬೆಂಜೀನು. ನೀರಿನ ಹಾಗೆ ತಿಳಿ. ಮೂಗಿಗೆ ಸಿಹಿ ವಾಸನೆ. ಒಂದು ಸಲ ಒರೆಸಿದರೆ ಮೇಣ ಮಾಯ. ಹದಿನಾಲ್ಕು ವರ್ಷದಿಂದ ಗಂಡನ ಖಾಕಿ ಅಂಗಿಯಲ್ಲಿ ಇದ್ದದ್ದು ಅದೇ ವಾಸನೆ. ಅದು ಅವನ ಮೈವಾಸನೆಯೇ ಎಂದು ಲಕ್ಕಮ್ಮ ತಿಳಿದಿದ್ದಳು.

ಸಂಜೆ ಅವಳು ದೀಪ ಹಚ್ಚಿ ತಿರುಗುವಷ್ಟರಲ್ಲಿ ಪಕ್ಕದ ಮನೆಯ ಶಿವಗಂಗಮ್ಮ ಲೋಟ ಹಿಡಿದು ಬಂದಳು.

"ಲಕ್ಕಮ್ಮೋ, ಒಂಚೂರು ಹೆಪ್ಪು ಕೊಡವ್ವ. ಆಳಾದ್ ಬೆಕ್ಕು ಮೊಸರೆಲ್ಲ ನೆಕ್ಬುಟ್ಟದೆ."

"ದೀಪ ಅಚ್ಚಾಯ್ತಲ್ಲಕ್ಕ. ಈಗ ಎಂಗ್ ಕೊಡ್ಲಿ? ಬೆಳಿಗ್ಗೆ ಬಾ, ಬಟ್ಲು ತುಂಬ ಕೊಡ್ತೀನಿ."

ಆ ಕಡೆಯಲ್ಲಿ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಯಾವುದೂ ಹೊಸಿಲು ದಾಟುವುದಿಲ್ಲ. ಬೆಳಗಿನ ಹೊತ್ತು ಕೇಳಿದರೆ ಹಗೆಯವರಿಗೂ ಇಲ್ಲ ಎನ್ನುವ ಹಾಗಿಲ್ಲ. ಅದು ಶಿವಗಂಗಮ್ಮನಿಗೂ ಗೊತ್ತು. ಬೆಕ್ಕನ್ನು ಬೈದುಕೊಂಡು ಹೋದಳು.

ಕೆಂಪಣ್ಣ ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದ. ತೊಡೆಯ ಮೇಲೆ ಅಂಗೈಯಗಲ ನೀಲಿ ಕಲೆ ಕಂಡಿತು.

"ಇದೇನ್ರೀ, ಎಲ್ ಗುದ್ದಿಸ್ಕಂಡ್ರಿ?"

"ಬಸ್ಸಲ್ಲಿ ಯಾವನೋ ಚೀಲ ತಗಲಿಸಿರ್ಬೇಕು ಬುಡು."

ಯಾವ ಚೀಲ ಅಷ್ಟಗಲ ತಗಲುತ್ತದೆ ಎಂದು ಅವಳೂ ಕೇಳಲಿಲ್ಲ. ಸೋಮವಾರ ಬೆಳಗ್ಗೆ ಹಲ್ಲುಜ್ಜುವಾಗ ಅವನ ಒಸಡಿನಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಆ ಮನೆಯಲ್ಲಿ ಎಲ್ಲ ನೆಟ್ಟಗಿದ್ದ ಕೊನೆಯ ದಿನ ಅಂದರೆ ಆ ಭಾನುವಾರ.

ಕೆಂಪಣ್ಣ ಹಳೇಕೋಟೆ ಕಡೆಯ ಒಕ್ಕಲು ಮನೆಯವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು. ತೊಂಬತ್ತೊಂದರಲ್ಲಿ ಹಾಸನದ ಒಂದು ಕಾಲೇಜಿಗೆ, ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಆಗಿ ಸೇರಿದ. ಅಟೆಂಡರ್ ಎಂದರೆ ಬೀಗ ತೆಗೆಯುವುದು, ಗಾಜು ತೊಳೆಯುವುದು, ಫೈಲು ಹೊರುವುದು. ಕಾಗದದ ಮೇಲೆ ಅಷ್ಟೇ.

ಅಲ್ಲಿ ಸಂಪತ್ಕುಮಾರ ಎನ್ನುವ ಮೇಷ್ಟರು ಇದ್ದರು. ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ತುಂಬ ಓದಿದವರು, ಮೆತ್ತಗೆ ಮಾತಾಡುವವರು. ಕ್ಯಾನ್ಸರಿಗೆ ಒಂದು ಸಣ್ಣ ಔಷಧಿ ಕಟ್ಟಬೇಕು ಎನ್ನುವುದು ಅವರ ಹಟ. ಎಂಥ ಔಷಧಿ ಎಂದು ಲಕ್ಕಮ್ಮ ಒಂದು ದಿನ ಉಣ್ಣುವ ಹೊತ್ತಿನಲ್ಲಿ ಕೇಳಿದಳು.

"ಮೈಯೊಳಗೆ ಒಬ್ಬ ಕಾವಲುಗಾರ ಅವ್ನೆ ಕಣೆ," ಎಂದ ಕೆಂಪಣ್ಣ. "ಕೆಟ್ಟೋದ ಕಣ ಬೆಳೀದಂಗೆ ನೋಡ್ಕಳೋದೇ ಅವ್ನ ಕೆಲ್ಸ. ಇನ್ನೊಬ್ಬ ಬಂದು ಅವ್ನ ಕುತ್ತಿಗೆ ಇಡ್ಕಂಡವ್ನೆ. ಇಬ್ರೂ ಪ್ರೋಟೀನೇ."

"ಪ್ರೋಟೀನು ಅಂದ್ರೆ ಬೇಳೇಲಿರೋದಲ್ವ?"

"ಅದು ತಿನ್ನೋದು. ಇವು ಮೈಯಲ್ಲಿ ಗೇಯೋವು. ಕುತ್ತಿಗೆ ಇಡ್ಕಂಡವ್ನ ಬೆರಳ ಸಂದೀಲಿ ಒಂದು ಗುಳಿ ಅದೆ. ಆ ಗುಳಿಗೆ ಸರ್ಯಾಗಿ ಕೂರೋ ಬೆಣೆ ಒಂದ ಮಾಡಿ ಬಡುದ್ರೆ ಇಡಿತ ಬುಟ್ಟೋಯ್ತದೆ. ಕಾವಲುಗಾರ ಎದ್ದು ನಿಂತ್ಕತಾನೆ. ಆ ಬೆಣೇನೇ ನಮ್ ಮೇಷ್ಟ್ರು ಮಾಡ್ತಿರೋದು."

"ಮೇಷ್ಟ್ರು ಮಾಡ್ತಾರೆ. ನೀವೇನ್ ಮಾಡ್ತೀರಿ?"

"ಮೇಷ್ಟ್ರು ಕಾಗ್ದದ ಮೇಲೆ ಬರೀತಾರೆ. ಕೆತ್ತೋನು ನಾನು."

ಅದು ಜಂಬದ ಮಾತಲ್ಲ. ಬೆಣೆಯ ಆಕಾರ ಮೇಷ್ಟರು ಬರೆಯುವರು. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಅರಕಲಗೂಡಿನ ರಂಜನಿ ಬೇಕಾದ ಪದಾರ್ಥ ಕೂಡಿಸಿ ಕುದಿಸುವಳು. ಕುದಿಸಿದ್ದರಲ್ಲಿ ಬೇಕಾದದ್ದು ಬೇಡದ್ದು ಎಲ್ಲ ಕಲೆತಿರುತ್ತಿತ್ತು. ಬೇರೆ ಮಾಡುವುದು ಕೆಂಪಣ್ಣನ ಪಾಲು. ಉದ್ದನೆಯ ಗಾಜಿನ ಕೊಳವೆಗೆ ಬಿಳಿ ಪುಡಿ ತುಂಬಿ, ತಲೆಯ ಮೇಲೆ ಕಲೆತದ್ದನ್ನು ಹಾಕಿ, ಬೆಂಜೀನು ಸುರಿಯುತ್ತ ಕೂರಬೇಕು. ಒಂದೊಂದೇ ಪದಾರ್ಥ ಬೇರೆಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಕೈ ಅವಸರ ಮಾಡಿದರೆ ಎಲ್ಲ ಮತ್ತೆ ಕಲೆತುಹೋಗುತ್ತದೆ. ಮೇಷ್ಟರ ಕೈ ಅವಸರದ್ದು. ಕೆಂಪಣ್ಣನದು ಅಲ್ಲ. ಬೆಳಗ್ಗೆ ಕೂತರೆ ಕಾಲೇಜು ಬಿಡುವ ಗಂಟೆ ಹೊಡೆಯುವವರೆಗೂ ಕೂರುತ್ತಿದ್ದ.

ಬೆಂಜೀನಿನ ಆವಿಯನ್ನು ಎಳೆದು ಹೊರಗೆ ಹಾಕಲು ಫ್ಯಾನಿದ್ದ ಗಾಜಿನ ಕಪಾಟು ಒಂದಿತ್ತು. ತೊಂಬತ್ತೇಳರಲ್ಲಿ ಫ್ಯಾನು ಕೆಟ್ಟಿತು. ಮೇಷ್ಟರು ಅರ್ಜಿ ಬರೆದರು, ಇಲ್ಲ ಎನ್ನಬಾರದು. ಎರಡು ಸಲ ಬರೆದರು. ಮೂರನೇ ಸಲ ಬರೆಯಲಿಲ್ಲ. ಪ್ರಿನ್ಸಿಪಾಲ್ ಗೌರೀಶಂಕರ ಆ ಕಪಾಟಿನಲ್ಲಿ ಹಳೇ ಉತ್ತರಪತ್ರಿಕೆಯ ಕಟ್ಟು ಇಡಿಸಿದರು. ಕೆಂಪಣ್ಣ ಕಿಟಕಿ ತೆಗೆದುಕೊಂಡು ಕೂತ. ಮಳೆ ಬಂದಾಗ ಕಿಟಕಿ ಮುಚ್ಚಿಕೊಂಡು ಕೂತ. ಎಂಟು ವರ್ಷ. ಎಂಟು ವರ್ಷದಲ್ಲಿ ಒಂದು ಫ್ಯಾನು ರಿಪೇರಿ ಮಾಡಿಸುವ ಗಂಡಸು ಆ ಕಾಲೇಜಿನಲ್ಲಿ ಇರಲಿಲ್ಲ.

ಹದಿನಾರು ಬೆಣೆ ಕೂರಲಿಲ್ಲ. ಹದಿನೇಳನೆಯದು ಕೂರುತ್ತದೆ ಎಂದು ಮೇಷ್ಟರಿಗೆ ನಂಬಿಕೆ. ಆದರೆ ಅದು ಹರಳೆಣ್ಣೆಯ ಹಾಗೆ ಎಣ್ಣೆಯಾಗಿಯೇ ನಿಂತಿತು. ಹರಳುಗಟ್ಟಿದರೆ ಮಾತ್ರ ಬೆಂಗಳೂರಿಗೆ ಕಳಿಸಿ ಎಕ್ಸ್‌ರೇಯಲ್ಲಿ ಆಕಾರ ನೋಡಬಹುದು. ಹರಳುಗಟ್ಟಿದರೆ ಮಾತ್ರ ಪೂರ ಶುದ್ಧ ಮಾಡಿ, ಕ್ಯಾನ್ಸರ್ ಕಣಗಳ ಮೇಲೆ ಹಾಕಿ ನೋಡಬಹುದು. ಆರು ತಿಂಗಳು ತಣ್ಣಗಿಟ್ಟರು, ಗಾಜಿನ ಕಡ್ಡಿಯಲ್ಲಿ ಕೆರೆದರು, ಬೈದರು. ಎಣ್ಣೆ ಎಣ್ಣೆಯಾಗಿಯೇ ಇತ್ತು. ಮೊದಲೇ ಒಂದು ಹರಳಿದ್ದರೆ ಅದನ್ನು ನೋಡಿ ಉಳಿದದ್ದೂ ಗಟ್ಟಿಯಾಗುತ್ತದೆ ಎಂದು ಮೇಷ್ಟರಿಗೂ ಗೊತ್ತಿತ್ತು. ಆ ಮೊದಲನೇ ಹರಳು ಎಲ್ಲಿಂದ ತರುವುದು?

ಎರಡು ಸಾವಿರದ ನಾಲ್ಕರ ಮಾಘ ಮಾಸದಲ್ಲಿ, ಲಕ್ಕಮ್ಮ ಹೆಪ್ಪಿನ ಬಟ್ಟಲು ತೊಳೆಯದೆ ಅದಕ್ಕೇ ಹಾಲು ಸುರಿಯುವುದನ್ನು ಕೆಂಪಣ್ಣ ನೋಡಿದ.

"ಯಾಕೆ, ಹೆಪ್ಪು ಹಾಕಾಕಿಲ್ವ?"

"ಅಂಚಿಗೆ ಒಣಗಿ ಅಂಟ್ಕಂಡದಲ್ಲ, ಸಾಕು ಬುಡಿ."

ಅವನು ಉಣ್ಣುವುದನ್ನು ನಿಲ್ಲಿಸಿದ. ಹೋದ ವರ್ಷ ಹದಿನೇಳನೆಯದನ್ನು ಹಾಕಿಟ್ಟಿದ್ದ ಒಂದು ಶೀಶೆ ನೆನಪಾಯಿತು. ಅದರ ಮುಚ್ಚಳದ ಒಳಗೆ ಬಿಳಿ ಹೊಟ್ಟಿನ ಹಾಗೆ ಏನೋ ಅಂಟಿತ್ತು. ತೊಳೆಯುವುದೇ ಕೆಲಸವಾದವನು ಅದೊಂದನ್ನು ತೊಳೆಯದೆ ಮೂಲೆಯಲ್ಲಿ ಇಟ್ಟಿದ್ದ. ಮಾರನೇ ದಿನ ಲಕ್ಕಮ್ಮನ ಹೇರ್‌ಪಿನ್ನು ತೆಗೆದುಕೊಂಡು ಹೋಗಿ, ಆ ಹೊಟ್ಟನ್ನು ಕೆರೆದು, ಎಣ್ಣೆಗೆ ಒಂದು ಚೂರು ತಾಗಿಸಿದ. ಮೂರನೇ ದಿನ ಬೆಳಗ್ಗೆ ಬೀಗ ತೆಗೆದರೆ ಗಾಜಿನ ತುಂಬ ಸೂಜಿ ಸೂಜಿ ಹರಳು.

ಒಂದು ಚಿಟಿಕೆಯನ್ನು ಪುಟ್ಟ ಶೀಶೆಯಲ್ಲಿ ಮನೆಗೂ ತಂದ. "ಇದು ನಿನ್ ಹೆಪ್ಪು ಕಣೆ. ಮನೇಲೂ ಒಂದಿರ್ಲಿ. ಎಲ್ಲಾನೂ ಒಂದೇ ಕಡೆ ಇಟ್ರೆ ಬೆಕ್ಕು ನೆಕ್ಬುಡ್ತದೆ," ಎಂದ. ಜೊತೆಗೆ ಒಂದು ಹಿಡಿ ನೀಲಿ ಮಣಿ ತಂದಿದ್ದ. ಅವು ತೇವ ಹೀರುವ ಮಣಿ. ತೇವ ಹೀರಿದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಕಾಯಿಸಿದರೆ ಮತ್ತೆ ನೀಲಿಯಾಗುತ್ತವೆ. ಮಣಿಯನ್ನು ಭರಣಿಗೆ ಹಾಕಿ, ನಡುವೆ ಶೀಶೆ ಇಟ್ಟು, ದೇವರ ಗೂಡಿನ ಪಕ್ಕ ಇಟ್ಟ.

ಒಸಡಿನ ರಕ್ತ ನಿಲ್ಲದೆ ಆ ಜೂನ್‌ನಲ್ಲಿ ಬೆಂಗಳೂರಿಗೆ ಕರೆದೊಯ್ದಾಗ, ದೊಡ್ಡ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಡಾಕ್ಟರು ಏನು ಕೆಲಸ ಎಂದು ಕೇಳಿದರು. ಕೈಗೆ ಗ್ಲೌಸು ಹಾಕುತ್ತಿದ್ದರಾ ಎಂದು ಕೇಳಿದರು. ಲಕ್ಕಮ್ಮ ಹಲಸಿನ ಮೇಣದ ವಿಷಯ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು. ಆಮೇಲೆ ಚೀಟಿ ಬರೆದರು: ಬೆಂಜೀನಿನಿಂದ ಬಂದಿರಬಹುದು, ಏನು ಕೆಲಸ ಮಾಡಿಸಿದ್ದೀರಿ ಎಂದು ಕಾಲೇಜಿನವರು ಬರೆದುಕೊಡಬೇಕು.

ಚೀಟಿ ಹಿಡಿದುಕೊಂಡು ಅವಳು ಕಾಲೇಜಿಗೆ ಹೋದಳು. ಗೌರೀಶಂಕರ ಓದಿ ಮೇಜಿನ ಮೇಲಿಟ್ಟರು.

"ನೋಡಮ್ಮ, ಅಟೆಂಡರ್ ಆದವನು ರಾಸಾಯನಿಕ ಮುಟ್ಟೋ ಹಾಗೇ ಇಲ್ಲ. ರೂಲ್ಸಲ್ಲಿ ಇಲ್ಲ."

"ಮುಟ್ಟವ್ರೆ ಸಾ. ಹದ್ನಾಕು ವರ್ಸ ಮುಟ್ಟವ್ರೆ."

"ಮುಟ್ಟಿದ್ರೆ ಅದು ಅವನ ತಪ್ಪು."

"ಮುಟ್ಟು ಅಂದೋರು ಯಾರು ಸಾ?"

ಗೌರೀಶಂಕರ ಗಂಟೆ ಒತ್ತಿ ನೀರು ತರಿಸಿಕೊಂಡರು. ಪಕ್ಕದ ಕುರ್ಚಿಯಲ್ಲಿ ಸಂಪತ್ಕುಮಾರ ಮೇಷ್ಟರು ಕೂತಿದ್ದರು.

"ಸಾ, ನೀವಾದ್ರೂ ಯೋಳಿ."

ಮೇಷ್ಟರು ಕನ್ನಡಕ ತೆಗೆದು ಒರೆಸಿದರು. "ಕೆಂಪಣ್ಣ ಬಹಳ ಒಳ್ಳೇ ಮನುಷ್ಯ, ಲಕ್ಕಮ್ಮ."

"ಒಳ್ಳೇರು ಅಂತ ನಂಗೊತ್ತಿಲ್ವ ಸಾ? ಕಟ್ಕಂಡೋಳು ನಾನು. ಏನ್ ಕೆಲ್ಸ ಮಾಡ್ತಿದ್ರು ಅಂತ ಯೋಳಿ."

ಮೇಷ್ಟರು ಕನ್ನಡಕವನ್ನು ಇನ್ನೊಂದು ಸಲ ಒರೆಸಿದರು.

ಮುಟ್ಟಿಲ್ಲ ಎಂದರೆ ರೋಗ ತಾನಾಗಿ ಬಂತು. ಮುಟ್ಟಿದ ಎಂದರೆ ತಪ್ಪು ಅವನದು. ಎರಡು ಬಾಗಿಲಿಗೂ ಅವರದೇ ಬೀಗ. ಬಸ್ಸಿನಲ್ಲಿ ಬರುವಾಗ ಲಕ್ಕಮ್ಮನಿಗೆ ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

"ಮೇಷ್ಟ್ರು ಏನಂದ್ರು?" ಎಂದು ಜಗಲಿಯ ಮೇಲೆ ಮಲಗಿದ್ದ ಕೆಂಪಣ್ಣ ಕೇಳಿದ.

"ಒಳ್ಳೇ ಮನ್ಸ ಅಂದ್ರು."

"ಅಂದ್ರಾ?" ಎಂದ. ಮುಖ ಅರಳಿತು. ಅವಳಿಗೆ ಎಲ್ಲಕ್ಕಿಂತ ಉರಿದದ್ದು ಅದು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಅವನು ತೀರಿಕೊಂಡ. ಹಿಂದಿನ ದಿನ ಆಡಿದ ಮಾತು ಒಂದೇ: "ಮಣಿ ಗುಲಾಬಿ ಆಯ್ತೇನೋ ನೋಡೆ."

ಅದಾದ ತಿಂಗಳಲ್ಲಿ ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು. ಡಾಕ್ಟರ ಚೀಟಿಯ ಸುದ್ದಿ ಅವರ ಕಿವಿಗೆ ಬಿದ್ದರೆ ಗತಿಯೇನು ಎಂದು ಗೌರೀಶಂಕರ ಬೆಂಜೀನಿನ ಬಾಟಲಿಗಳನ್ನೆಲ್ಲ ಸಾಗಿಸಿಬಿಟ್ಟರು. ಕೆಂಪಣ್ಣ ಕೂರುತ್ತಿದ್ದ ಮೂಲೆಯ ಶೀಶೆಗಳನ್ನೆಲ್ಲ ಸೋಪು ಹಾಕಿ ತೊಳೆಸಿದರು. ಒಂದು ಗುರುತೂ ಉಳಿಯಲಿಲ್ಲ. ಕಪಾಟಿಗೆ ಹೊಸ ಫ್ಯಾನು ಬಂತು. ಹೌದು, ಆಗ ಬಂತು.

ಡಿಸೆಂಬರಿನಲ್ಲಿ, ಹದಿನೇಳನೇ ಬೆಣೆ ಗುಳಿಗೆ ಸರಿಯಾಗಿ ಕೂತ ವಿಷಯ ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯಿತು. ಚನ್ನರಾಯಪಟ್ಟಣದಲ್ಲಿ ಮೇಷ್ಟರಿಗೆ ಶಾಲು ಹೊದಿಸಿ, ಪೇಟ ಇಟ್ಟು ಸನ್ಮಾನ ಮಾಡಿದರು. ಸೌಕರ್ಯವಿಲ್ಲದ ಊರಿನಲ್ಲಿ ಒಬ್ಬಂಟಿಯಾಗಿ ಸಾಧಿಸಿದರು ಎಂದು ಪೇಪರಿನಲ್ಲಿ ಬಂತು. ಒಬ್ಬಂಟಿಯಾಗಿ!

ಫೆಬ್ರವರಿಯಲ್ಲಿ ರಂಜನಿ ಮೊಸಳೆಗೆ ಬಂದಳು. ಅಚ್ಚಾದ ಲೇಖನದ ಜೆರಾಕ್ಸ್ ತಂದಿದ್ದಳು. ಪಿಯುಸಿ ಓದುತ್ತಿದ್ದ ಅನುಶ್ರೀ ಬೆರಳಿಟ್ಟು ಹುಡುಕಿದಳು. ಮೊದಲ ಪುಟದಲ್ಲಿ ಐದು ಹೆಸರು.

"ಅಪ್ಪನ್ ಹೆಸ್ರು ಎಲ್ಲೂ ಇಲ್ಲ ಕಣವ್ವ. ಕೊನೇಲಿ ಪ್ರಿನ್ಸಿಪಾಲ್‌ಗೆ ಥ್ಯಾಂಕ್ಸ್ ಅಂತದೆ. ಸೌಕರ್ಯ ಕೊಟ್ಟಿದ್ಕೆ."

"ಯಾವ ಸೌಕರ್ಯ? ಕೆಟ್ ಫ್ಯಾನಾ?"

ರಂಜನಿ ತಲೆ ಎತ್ತಲಿಲ್ಲ. "ನನ್ನ ಹೆಸರಿದೆ ಅಮ್ಮ, ಎರಡನೇದು. ನಾಚಿಕೆ ಆಗತ್ತೆ," ಎಂದಳು. ಆಮೇಲೆ ಬಂದ ಕೆಲಸ ಹೇಳಿದಳು. ಇದ್ದ ಹರಳೆಲ್ಲ ಪರೀಕ್ಷೆಗೆ ಮುಗಿದಿತ್ತು. ಹೊಸದಾಗಿ ಎಂಟು ಸಲ ಮಾಡಿದ್ದಳು. ಎಂಟು ಸಲವೂ ಬರೀ ಎಣ್ಣೆ. ಕೆಂಪಣ್ಣನ ಶೀಶೆಗಳನ್ನು ತೊಳೆದುಬಿಟ್ಟಿದ್ದಾರೆ, ಹೆಪ್ಪಿಗೆ ಒಂದು ಚೂರೂ ಇಲ್ಲ. "ಒಂದು ಮನೇಲಿಟ್ಟಿದೀನಿ ಅಂತ ಕೆಂಪಣ್ಣ ಯಾವಾಗ್ಲೋ ಅಂದಿದ್ರು. ಇದೆಯಾ ಅಮ್ಮ?"

ಕೆಂಪಣ್ಣ ಹೇಳಿದ ಹಾಗೇ ಬೆಕ್ಕು ನೆಕ್ಕಿತ್ತು. ಕುರ್ಚಿಯ ಮೇಲೆ ಕೂರುವ ಬೆಕ್ಕು.

"ಅದೆ," ಎಂದಳು ಲಕ್ಕಮ್ಮ. "ಕೊಡಾಕಿಲ್ಲ ಅನ್ನಾಕಿಲ್ಲ ಕಣವ್ವ. ನಿಮ್ ಮೇಷ್ಟ್ರೇ ಬರ್ಲಿ."

ಮೂರು ದಿನ ಬಿಟ್ಟು ಮೇಷ್ಟರು ಬಂದರು. ಕಾಲೇಜು ಮುಗಿಸಿ ಸ್ಕೂಟರಿನಲ್ಲಿ ಬರುವ ಹೊತ್ತಿಗೆ ಲಕ್ಕಮ್ಮ ದೀಪ ಹಚ್ಚಿದ್ದಳು. ಜಗಲಿಯ ಮೇಲೆ ಕೂತು, ಕ್ಷೇಮಸಮಾಚಾರ ಕೇಳಿ, ಕೆಮ್ಮಿ, ಹೇಳಿದರು: "ಲಕ್ಕಮ್ಮ, ಅದು ಕಾಲೇಜಿನ ಸ್ವತ್ತು ಕಣಮ್ಮ."

"ಅಟೆಂಡ್ರು ಮುಟ್ಟಂಗೇ ಇಲ್ಲ ಅಂದ್ರಲ್ಲ ಸಾ. ಮುಟ್ಟದೋರ ಮನೇಲಿ ಕಾಲೇಜಿನ ಸ್ವತ್ತು ಎಲ್ಲಿಂದ ಬತ್ತದೆ?"

ಮೇಷ್ಟರು ಕನ್ನಡಕಕ್ಕೆ ಕೈ ಹಾಕಿದರು.

"ಒರೆಸ್ಬೇಡಿ ಸಾ, ಸಾಕು. ಚೆಂದಾಗೇ ಕಾಣ್ತದೆ ನಿಮ್ಗೆ."

ಅವರು ಕೈ ಇಳಿಸಿದರು. "ನನಗಲ್ಲಮ್ಮ. ಕ್ಯಾನ್ಸರ್ ರೋಗಿಗಳಿಗೋಸ್ಕರ ಕೇಳ್ತಿದ್ದೀನಿ."

"ಕ್ಯಾನ್ಸರ್ ರೋಗಿ ಇದೇ ಜಗಲಿ ಮೇಲೆ ಮಲ್ಗಿದ್ರು ಸಾ. ನೀವು ಕೂತಿದ್ದೀರಲ್ಲ, ಅಲ್ಲೇ. ನಾಕು ತಿಂಗ್ಳು. ಎಷ್ಟ್ ಸಲ ಬಂದ್ರಿ?"

"ಒಂದು ಸಲ ಬಂದಿದ್ದೆ."

"ಬಂದಿದ್ರಿ. ಸೇಬು ತಂದಿದ್ರಿ. ಒಸಡಲ್ಲಿ ರಕ್ತ ಸುರಿಯೋ ಮನ್ಸಂಗೆ ಸೇಬು."

ಮೇಷ್ಟರು ಜಗಲಿಯ ಅಂಚಿಗೆ ಸರಿದು ಕೂತರು. ಏನು ಬೇಕು ಹೇಳು ಎಂದರು.

"ಎಲ್ಡು ಮಾತು ಬರ್ಕೊಡಿ. ಹದಿನೇಳನೇದಕ್ಕೆ ಹೆಪ್ಪಾಕಿ ಹರಳು ಮಾಡ್ದೋರು ಕೆಂಪಣ್ಣ. ಫ್ಯಾನಿಲ್ದೆ ಬೆಂಜೀನು ಸುರ್ಕಂಡು ಕೂತೋರೂ ಕೆಂಪಣ್ಣ. ಅಷ್ಟೇ. ಪೇಪರ್‌ನೋರ್ಗೂ ಅದ್ನೇ ಕಳ್ಸಿ."

"ಎರಡನೇದು ಬರೆದ್ರೆ ನಾನು ಉಳಿಯಲ್ಲ ಲಕ್ಕಮ್ಮ."

"ಅವ್ರು ಉಳುದ್ರಾ?"

ಮೇಷ್ಟರು ಎದ್ದು ಚಪ್ಪಲಿ ಮೆಟ್ಟಿದರು.

"ಈಗ ದೀಪ ಅಚ್ಚಾಗದೆ. ಕೊಡಂಗಿಲ್ಲ. ಬೆಳಿಗ್ಗೆ ಬನ್ನಿ, ಬರ್ಕಂಡ್ ಬನ್ನಿ."

ಬೆಳಗ್ಗೆ ಬಂದರು. ಅದಕ್ಕೆ ಮೊದಲೇ ಲಕ್ಕಮ್ಮ ಶೀಶೆ ತೆಗೆದು ಒರೆಸಿ ಜಗಲಿಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಕೊಟ್ಟೇಬಿಡಬೇಕೆಂದು. ಮೇಷ್ಟರು ಕಾಗದ ಚಾಚಿದರು. ಅನುಶ್ರೀ ಗಟ್ಟಿಯಾಗಿ ಓದಿದಳು.

"'ದಿವಂಗತ ಕೆಂಪಣ್ಣನವರು ಪ್ರಯೋಗಾಲಯದ ದೈನಂದಿನ ಕೆಲಸಗಳಲ್ಲಿ ಶ್ರದ್ಧೆಯಿಂದ ಸಹಕರಿಸಿದ್ದರು.'"

"ಆಮೇಲೆ?"

"ಅಷ್ಟೇ ಕಣವ್ವ. ಕೆಳಗೆ ಸೈನು."

"ಹೆಪ್ಪು ಹಾಕಿದ್ದು?"

"ಇಲ್ಲ."

"ಬೆಂಜೀನು?"

"ಇಲ್ಲ."

ಲಕ್ಕಮ್ಮ ಕಾಗದವನ್ನು ಮಡಿಸಿ, ಅದೇ ಮಡಿಕೆಯಲ್ಲಿ, ಅವರ ಕೈಗೆ ವಾಪಸು ಕೊಟ್ಟಳು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟಳು. ಮನೆಗೆ ಬಂದವರು ಬರಿ ಬಾಯಲ್ಲಿ ಹೋಗಬಾರದು. ಶೀಶೆಯನ್ನು ಎತ್ತಿಕೊಂಡು ಒಳಗೆ ಇಟ್ಟಳು. ಮೇಷ್ಟರು ಮಜ್ಜಿಗೆ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು. ಆಮೇಲೆ ಬರಲಿಲ್ಲ.

ರಂಜನಿ ಆಗಾಗ ಬರುತ್ತಾಳೆ. ಬೇರೆ ವಿಷಯ ಹಿಡಿದು ಓದು ಮುಗಿಸಿದಳು. ಇಂಥ ಬೆಣೆಗಳನ್ನು ಹೊರದೇಶಗಳಲ್ಲೂ ಕೆತ್ತುತ್ತಿದ್ದಾರೆ ಅಮ್ಮ, ಯಾರ ಕೈಯಲ್ಲಾದರೂ ಆಗುತ್ತದೆ ಎನ್ನುತ್ತಾಳೆ. ಆಗಲಿ. ಆದರೆ ಹದಿನೇಳನೆಯದು ಮಾತ್ರ ಮೇಷ್ಟರ ಕಪಾಟಿನಲ್ಲಿ ಈಗಲೂ ಎಣ್ಣೆಯಾಗಿ ಕೂತಿದೆಯಂತೆ. ಹೊಸ ಫ್ಯಾನು 'ಗುಂಯ್' ಎನ್ನುತ್ತಿದೆಯಂತೆ.

ಕೊಡುವುದಿಲ್ಲ ಎಂದು ಲಕ್ಕಮ್ಮ ಎಂದೂ ಹೇಳಿಲ್ಲ. ಬರೆದು ತಂದ ದಿನ, ದೀಪ ಹಚ್ಚುವ ಮೊದಲು, ಅವಳು ಕೊಡುತ್ತಾಳೆ. ಅವತ್ತಿಗೆ ಅದು ಕೆಟ್ಟಿರಬಾರದು.

ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ರೊಟ್ಟಿ ಸುಟ್ಟ ಮೇಲೆ ಅವಳು ಒಲೆ ಆರಿಸುವುದಿಲ್ಲ. ಭರಣಿ ಇಳಿಸುತ್ತಾಳೆ. ಶೀಶೆಯನ್ನು ತೆಗೆದು ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಡುತ್ತಾಳೆ. ಅಡುಗೆಗೆ ಮುಟ್ಟಿಸದ ಹಳೇ ಬಾಣಲೆಗೆ ಮಣಿ ಸುರಿದು, ಸಣ್ಣ ಉರಿಯಲ್ಲಿ ಕಡ್ಡಿಯಿಂದ ಆಡಿಸುತ್ತಾಳೆ. ಮಳೆಗಾಲದಲ್ಲಿ ಹೊತ್ತು ಹಿಡಿಯುತ್ತದೆ. ಗುಲಾಬಿ ಬಣ್ಣ ಹೋಗಿ ಒಂದೊಂದೇ ಮಣಿ ನೀಲಿಯಾಗುವವರೆಗೂ ಅವಳು ಏಳುವುದಿಲ್ಲ.